ನಾಯಕ ಬಂದೂಕು ಇಳಿಸಿದ ಮೇಲೆ

ಹಳೆಯ ಕುದುರೆ-ಬಂದೂಕಿನ ಚಿತ್ರದ ಕೊನೆಯಲ್ಲಿ, ತನ್ನ ತಂದೆಯನ್ನು ಕೊಂದ ಭಾವಮೈದುನನೆದುರು ನಾಯಕ ಬಂದೂಕು ಇಳಿಸಿದ್ದೇ ತಡ, ಶಿವರಾಜಪ್ಪ ರಿಮೋಟ್ ಒತ್ತಿ ದೃಶ್ಯವನ್ನು ನಿಲ್ಲಿಸಿದರು. "ಹೇಡಿ ಇದ್ದಾನ ನೋಡು! ಇಷ್ಟ್ ವರ್ಷ ಕುದುರಿ ಓಡಿಸಿದ್ದು ಇದಕ್ಕೇನು?"

ಔರಾದಿನ ಆ ಮನೆಯಲ್ಲಿ ಮಗಳು ಸೌಂದರ್ಯಾ ಈ ಕೊನೆಯ ದೃಶ್ಯದ ಬಗ್ಗೆ ಮೊಬೈಲಿನಲ್ಲಿ ಪ್ರೇಕ್ಷಕರ ಅಭಿಪ್ರಾಯಗಳನ್ನು ಸಂಗ್ರಹಿಸುತ್ತಿದ್ದಳು. ಬೀದರಿನ ಗೆಳತಿ ಐದು ನಕ್ಷತ್ರ ಕೊಟ್ಟಿದ್ದಳು, ಭಾಲ್ಕಿಯವಳು ಒಂದು. ಒಂದೇ ದೃಶ್ಯದಿಂದ ಇಷ್ಟು ವಿರುದ್ಧವಾದ ಫಲಿತಾಂಶಗಳು ಹೇಗೆ ಬರುತ್ತವೆಂಬುದು ಬಿ.ಎಸ್ಸಿ. ಮುಗಿಸಿದ ಅವಳಿಗೆ ಅರ್ಥವಾಗಿರಲಿಲ್ಲ. "ಹೇಡಿ ಅಲ್ಲರಿ," ಎಂದರು ತಾಯಿ ರುಕ್ಮಿಣಿಬಾಯಿ, ಗಂಡನ ಮುಖ ನೋಡದೆ. "ಎದುರಿಗಿದ್ದಂವಾ ನಾಯಕನ ಮಕ್ಕಳ ಸೋದರಮಾವ ಇದ್ದಾನ." ಮುಂದಿನ ವಾರ ಸೌಂದರ್ಯಾಳ ಮದುವೆ. ವಧುವನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಆದರೆ ಹಿಂದೊಮ್ಮೆ ಜನರೆದುರು ಭಾವ ಶಿವರಾಜಪ್ಪನವರ ಕಪಾಳಕ್ಕೆ ಹೊಡೆದಿದ್ದ ರುಕ್ಮಿಣಿಬಾಯಿಯ ತಮ್ಮ, ಮೆಹಕರದ ಸಂಜುಕುಮಾರನಿಗೆ ಇನ್ನೂ ಮದುವೆಯ ಕರೆ ಹೋಗಿರಲಿಲ್ಲ.

ಶಿವರಾಜಪ್ಪ ದೃಶ್ಯವನ್ನು ಹಿಂದಕ್ಕೆ ಓಡಿಸಿದರು. ಬಂದೂಕು ಏರಿತು, ಇಳಿಯಿತು. ಮತ್ತೊಮ್ಮೆ ಓಡಿಸಿದರು. ಬಳಿಕ ಚಿತ್ರವನ್ನು ಮುಂದಕ್ಕೆ ಬಿಟ್ಟರು. ನಾಯಕ ಒಂದು ಮಾತನ್ನೂ ಆಡದೆ ಕುದುರೆ ಹತ್ತಿ ಹೊರಟುಹೋದ. "ಇಲ್ಲೇ ತಪ್ಪ್ಯಾನ," ಎಂದರು ಶಿವರಾಜಪ್ಪ. "ಅವನ ಜೀವ ಉಳಿಸ್ಯಾನ ಖರೆ, ಮನಿಗಿ ಬಾ ಅಂತ ಒಂದ್ ಮಾತ್ ಕರ್ದಿಲ್ಲ."

ಸೌಂದರ್ಯಾ ಗೊಂದಲದಿಂದ ಮೊಬೈಲಿನ ಮೇಲೆ ಬೆರಳು ನಿಲ್ಲಿಸಿದಳು. "ಈಗಷ್ಟೇ ಹೇಡಿ ಅಂದ್ರಿ. ಕೊಲ್ಲಬೇಕಿತ್ತೋ, ಕರೀಬೇಕಿತ್ತೋ? ನಾ ಏನಂತ ಬರೀಲಿ ಅಪ್ಪಾ?"

"ನನಗೂ ತಿಳಿವಲ್ದವಾ," ಎಂದು ಶಿವರಾಜಪ್ಪ ಎದ್ದು ಟೊಪ್ಪಿಗೆ ಹಾಕಿಕೊಂಡು ಹೆಂಡತಿಯತ್ತ ತಿರುಗಿದರು. "ಅಕ್ಷತಿ ಎಲ್ಲಿಟ್ಟಿ? ಮೆಹಕರದ ಬಸ್ ಇನ್ನಾ ಹೋಗಿರಲ್ಲ."