ಜೋಡಿ ಹಾಳೆ

ಬೇವಿನ ಎಲೆಗೆ ಅನುಮತಿ ಪತ್ರ ಇರಲಿಲ್ಲ. ಪರ್ತ್‌ಗೆ ಹೊರಟಿದ್ದ ಪೆಟ್ಟಿಗೆಯ ನಲವತ್ತು ಒಣಗಿದ ಗಿಡಗಳಿಗೆ ಇತ್ತು, ಅವನ್ನು ಅಂಟಿಸಿದ ಹಾಳೆಗಳಿಗೆ ಇತ್ತು, ಕಟ್ಟಿದ ದಾರದ ಬಗ್ಗೆಯೂ ಒಂದು ಸಾಲು ಬರೆದಿತ್ತು. ಎಲೆಗಳನ್ನು ಹಂಸಾ ಕೊನೆಯ ಗಳಿಗೆಯಲ್ಲಿ ಯಾರನ್ನೂ ಕೇಳದೆ ಹಾಳೆಗಳ ನಡುವೆ ಅಲ್ಲಲ್ಲಿ ಹಾಕಿದ್ದಳು. ಬ್ರಿಸ್ಬೇನ್‌ನ ಟೂವಾಂಗ್‌ನಲ್ಲಿ ಅವಳು ಬಾಡಿಗೆಗಿದ್ದ ಮನೆಯ ಹಿತ್ತಲಲ್ಲೇ ಬೇವಿನ ಮರವಿತ್ತು. ಹಳೆಯ ಕಾಗದದ ನಡುವೆ ಬೇವು ಇಟ್ಟರೆ ಹುಳು ಬೀಳುವುದಿಲ್ಲ ಎಂಬುದು ದಾವಣಗೆರೆಯ ಅವಳ ಮನೆಯಲ್ಲಿ ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿದ್ದ ವಿಷಯ.

ಮಂಗಳವಾರ ಬೆಳಿಗ್ಗೆ ಪರ್ತ್‌ನಿಂದ ಬ್ರಿಸ್ಬೇನ್‌ಗೆ ಫೋನ್ ಬಂತು. ಅಲ್ಲಿ ಪೆಟ್ಟಿಗೆ ತೆರೆದ ತಪಾಸಣಾಧಿಕಾರಿಗೆ ಬೇವಿನ ಎಲೆಯ ಹಿಂಬದಿಯಲ್ಲಿ ಜೀವಂತ ಹುಳು ಸಿಕ್ಕಿತ್ತು. ಹೊರಗಿನ ಹುಳು ಅಲ್ಲಿನ ಹೊಲ ತೋಟಗಳಿಗೆ ಹೋಗಕೂಡದು. ಎಲೆ ತಾಗಿದ ಹಾಳೆಗಳನ್ನು ಅಂದೇ ಸುಡಬೇಕು. ಅವನು ಇಡೀ ಪೆಟ್ಟಿಗೆಯನ್ನೇ ಒಲೆಗೆ ಹಾಕಬಹುದಿತ್ತು. ಹಾಗೆ ಮಾಡದೆ ಎರಡು ಗಂಟೆ ಕೂತು ಒಂದೊಂದೇ ಹಾಳೆ ಬಿಡಿಸಿ, ಎಲೆ ಮುಟ್ಟದ ಹದಿನೇಳನ್ನು ಬೇರೆ ಇಟ್ಟಿದ್ದ. ಸುಡಬೇಕಾದ ಇಪ್ಪತ್ತಮೂರು ಹಾಳೆಗಳ ಸಂಖ್ಯೆಗಳನ್ನು ನಿಧಾನವಾಗಿ ಓದಿ ಬರೆಸಿದ. ಕೊನೆಗೆ ಸಾರಿ ಮೇಟ್ ಎಂದ. ಹಂಸಾ ಥ್ಯಾಂಕ್ಸ್ ಎಂದಳು, ಮನಸಾರೆ.

ಫೋಟೋ ತೆಗೆಸಲೆಂದೇ ಆ ಹಾಳೆಗಳನ್ನು ಪರ್ತ್‌ಗೆ ಕಳಿಸಿದ್ದು. ಹಾಗಾಗಿ ಒಂದರದೂ ಫೋಟೋ ಇರಲಿಲ್ಲ.

ಹಂಸಾ ಕೆಲಸ ಮಾಡುವ ಸಸ್ಯಸಂಗ್ರಹದ ಮುಖ್ಯಸ್ಥೆ ವಿಶಾಲಾಕ್ಷಿ ಮೇಡಂ ಮೈಸೂರಿನವರು. ಪೂರ್ತಿ ಕೇಳಿಸಿಕೊಂಡು, "ಬೇವು ಹಾಕು ಅಂತ ನಿಂಗೆ ಯಾರು ಹೇಳಿದ್ರು?" ಎಂದರು.

"ಯಾರೂ ಇಲ್ಲ ಮೇಡಂ. ಕೈ ತಾನಾಗೇ ಹಾಕ್ಬಿಡ್ತು."

"ನಾನೂ ರೇಷ್ಮೆ ಸೀರೆಗೆ ಹಾಕ್ತೀನಿ. ನನ್ನ ಸೀರೆ ಪರ್ತ್‌ಗೆ ಹೋಗಲ್ಲ, ಅಷ್ಟೆ."

"ಕೆಲ್ಸ ಬಿಟ್ಬಿಡ್ತೀನಿ ಮೇಡಂ."

"ಬಿಡೋದಕ್ಕೆ ಸಂಜೆವರೆಗೂ ಟೈಮ್ ಇದೆ. ಮೊದ್ಲು ಅಡಿಲೇಡ್‌ಗೆ ಫೋನ್ ಮಾಡು. ಜೋಡಿ ಅಲ್ಲಿರ್ಬೇಕು."

ಆ ಗಿಡಗಳನ್ನು ಕಿತ್ತವನು ಎಸ್ತೆಬಾನ್ ಎಂಬ ಸ್ಪೇನಿನ ಸಸ್ಯಶಾಸ್ತ್ರಜ್ಞ. ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ಔಷಧಿಗೂ ಬಣ್ಣಕ್ಕೂ ಬರುವ ಗಿಡ ಹುಡುಕಲು ಅವನ ದೊರೆ ಅವನನ್ನು ಪೆರುವಿನ ಬೆಟ್ಟಗಳಿಗೆ ಕಳಿಸಿದ್ದ. ಏಳು ವರ್ಷ ಕೂಡಿಸಿದ್ದೆಲ್ಲ ಒಂದು ಮಧ್ಯಾಹ್ನ ತೆಪ್ಪ ಮಗುಚಿ ನದಿಯ ಪಾಲಾಯಿತು. ಮರುವಾರ ಅವನು ಮತ್ತೆ ಬೆಟ್ಟ ಹತ್ತಿದ. ಅಲ್ಲಿಂದಾಚೆ ಪ್ರತಿ ಗಿಡದಿಂದಲೂ ಎರಡು ಕೊಂಬೆ ಕಿತ್ತ. ಎರಡಕ್ಕೂ ಒಂದೇ ಸಂಖ್ಯೆ ಹಾಕಿ ಬೇರೆ ಬೇರೆ ಹಡಗಿನಲ್ಲಿ ಕಳಿಸಿದ. ಹೊರೆ ಎರಡರಷ್ಟಾಯಿತೆಂದು ಹೊರುವವರು ಬೈದರು. ಅವನ ಹೆಸರಿನಲ್ಲಿ ಒಂದು ಪುಸ್ತಕವೂ ಅಚ್ಚಾಗಲಿಲ್ಲ. ಅವನು ಸತ್ತ ಮೇಲೆ ಆ ಎರಡು ಕಟ್ಟುಗಳು ಹರಾಜಿನಿಂದ ಹರಾಜಿಗೆ ಅಲೆದು, ಒಂದು ಬ್ರಿಸ್ಬೇನ್ ಸೇರಿತು, ಇನ್ನೊಂದು ಅಡಿಲೇಡ್. ಅಡಿಲೇಡ್‌ನ ಕಟ್ಟನ್ನು ಪೂರ್ತಿ ಬಿಚ್ಚಿ ಯಾರೂ ನೋಡಿರಲಿಲ್ಲ.

ಅಲ್ಲಿ ಫೋನ್ ಎತ್ತಿದ್ದು ಸೋಮಶೇಖರ, ಮೇಡಂನ ಹಳೆಯ ವಿದ್ಯಾರ್ಥಿ. ಸ್ಪೀಕರಿನಲ್ಲಿ ಅವನ ನಗು ಕೇಳಿಸಿತು.

"ಬೇವಾ? ಚೂರು ಬೆಲ್ಲಾನೂ ಹಾಕಿದ್ರೆ ಪರ್ತ್‌ನವ್ರಿಗೆ ಯುಗಾದಿ ಆಗ್ತಿತ್ತಲ್ಲ ಮೇಡಂ!"

"ಹಲ್ಲು ಕಿರೀಬೇಡ. ಬೀರು ತೆಗಿ."

ಬೀರು ತೆಗೆದ ಸದ್ದಾಯಿತು. ಹಂಸಾ ಪಟ್ಟಿ ಹಿಡಿದು ಕೂತಳು.

"ನಾಲ್ಕು."

"ಇದೆ. ಹೂವಿನ ಸಮೇತ."

"ಏಳು."

"ಏಳು... ತಾಳಮ್ಮ... ಕಾಣ್ತಿಲ್ವಲ್ಲ. ಹಾಂ, ಇದೆ ಇದೆ. ಆರಕ್ಕೆ ಅಂಟ್ಕೊಂಡು ಕೂತಿದೆ."

ಹದಿನೈದನೆಯದಕ್ಕೆ ಮೇಡಂ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಪ್ರತಿ 'ಇದೆ'ಗೂ ಹಂಸಾ ಥ್ಯಾಂಕ್ಸ್ ಎನ್ನುತ್ತಿದ್ದಳು.

"ಅವ್ನಿಗ್ಯಾಕೆ ಅಷ್ಟೊಂದ್ ಥ್ಯಾಂಕ್ಸು? ಬೀರು ತೆಗ್ದಿದ್ದಷ್ಟೇ ಅವ್ನು."

"ಅವ್ರಿಗಲ್ಲ ಮೇಡಂ. ಎಸ್ತೆಬಾನ್‌ಗೆ. ಪುಣ್ಯಾತ್ಮ."

"ನಂಗೆ ಬೇಡ್ವಾ ಹಂಗಾದ್ರೆ?" ಎಂದ ಸೋಮಶೇಖರ.

ಹಂಸಾ ಅಂದು ಮೊದಲ ಸಲ ನಕ್ಕಳು. ಎರಡು ಪಾಲು ಹೊರೆ ಹೊತ್ತು ಬೆಟ್ಟ ಇಳಿದವರ ಹೆಸರು ಎಲ್ಲೂ ಬರೆದಿರಲಿಲ್ಲ. ಅವರಿಗೂ ಮನಸ್ಸಿನಲ್ಲೇ ಕೈ ಮುಗಿದಳು. ಪಟ್ಟಿಯಲ್ಲಿ ಇಪ್ಪತ್ತೆರಡು ಗುರುತು ಬಿದ್ದಿದ್ದವು. ಒಂದು ಉಳಿದಿತ್ತು.

"ಮೂವತ್ತೆಂಟು."

ಅಡಿಲೇಡ್‌ನಲ್ಲಿ ಹಾಳೆಗಳು ಸರಿದ ಸದ್ದಾಯಿತು.

"ಹಾಳೆ ಇದೆ," ಎಂದ ಸೋಮಶೇಖರ. "ಹಾಳೆ ಮೇಲೆ ಗಿಡ ಇಲ್ಲ."

"ಉದುರಿರ್ಬೇಕು, ಕೆಳಗೆ ನೋಡು," ಎಂದರು ಮೇಡಂ.

"ಅಂಟಿಸಿದ ಗುರುತೇ ಇಲ್ಲ ಮೇಡಂ. ಏನೋ ಬರ್ದಿದಾನೆ, ಅಷ್ಟೆ. ಸ್ಪ್ಯಾನಿಷ್‌ನಲ್ಲಿದೆ. ಇರಿ, ಡಿಕ್ಷನರಿ ನೋಡ್ತೀನಿ." ಪುಟ ಮಗುಚಿದ ಸದ್ದು. "ಇಡೀ ಕಣಿವೇಲಿ ಈ ಗಿಡ ಒಂದೇ ಒಂದು ಇತ್ತು, ಕೊಂಬೇನೂ ಒಂದೇ. ಬೇರು ಸಮೇತ ಕಿತ್ಕೊಂಡೆ ಅಂತ. ಇಷ್ಟೇ ಬರ್ದಿರೋದು."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬರ್ಕೋ," ಎಂದರು.

ಹಂಸಾ ಪಟ್ಟಿಯ ಕೆಳಗೆ ಬರೆದಳು: ಸುಟ್ಟದ್ದು ಇಪ್ಪತ್ತಮೂರು. ಜೋಡಿ ಇರುವುದು ಇಪ್ಪತ್ತೆರಡು. ಹೋದದ್ದು ಒಂದು.