ಮಿನುಗುವ ಗೆರೆ

ಎಂಥ ದೊಡ್ಡ ಲೆಕ್ಕವನ್ನಾದರೂ ಬಿಡಿಸಿಕೊಡುವ, ಯಾರು ಬೇಕಾದರೂ ಬಿಟ್ಟಿಯಾಗಿ ಹಾಕಿಕೊಳ್ಳಬಹುದಾದ ಸಾಫ್ಟ್‌ವೇರ್ ಅದು. ಮರುದಿನದ ಪ್ರಾಜೆಕ್ಟಿಗೆ ಬೇಕೆಂದು ನೀಲಾ ಅದನ್ನು ಮನೆಯ ಕಂಪ್ಯೂಟರಿಗೆ ಹಾಕತೊಡಗಿದ್ದಳು. ಅಷ್ಟರಲ್ಲಿ ಕಾಲೇಜಿಗೆ ಹೊತ್ತಾಯಿತು.

"ಅವ್ವಾ, ಮುಗಿಯೋತನಾ ಇಲ್ಲೇ ಕುಂತಿರು. ಏನರ ಕೇಳಿದ್ರ 'ಯೆಸ್' ಒತ್ತು. ನಡುವ ಕೆಟ್ರ ನನ್ನ ಮಾರ್ಕ್ಸ್ ಹೋದಂಗ!" ಎಂದು ಅವ್ವನನ್ನು ಕುರ್ಚಿಯಲ್ಲಿ ಕೂರಿಸಿ ಓಡಿದಳು.

ಸಂಜೆ ಬಂದರೆ ಅಡುಗೆಮನೆಯಲ್ಲಿ ಅಪ್ಪ ರೊಟ್ಟಿ ಬಡಿಯುತ್ತಿದ್ದ. ಮೀಸೆಗೆಲ್ಲ ಹಿಟ್ಟು. ಅಜ್ಜಿ ಟಿವಿ ಆರಿಸಿ, ಸದ್ದಿಲ್ಲದೆ ಬಳ್ಳೊಳ್ಳಿ ಸುಲಿಯುತ್ತಿದ್ದಳು.

"ಸಾವಕಾಶ ನಡಿ. ನಿಮ್ಮವ್ವ ಮುಂಜಾನಿಯಿಂದ ಎದ್ದಿಲ್ಲ. ಇನ್ನೂ ಮುಗಿದಿಲ್ಲಂತ," ಅಪ್ಪ ಪಿಸುಗುಟ್ಟಿದ.

ಇಷ್ಟು ಹೊತ್ತು ಬೇಕಿರಲಿಲ್ಲ, ಏನೋ ಕೆಟ್ಟಿದೆ! ನೀಲಾ ಒಳಗೋಡಿದಳು.

ಅವ್ವ ಸ್ಟೂಲಿನ ಮೇಲೆ ಕಾಲು ಚಾಚಿ ಚುರುಮುರಿ ತಿನ್ನುತ್ತಿದ್ದಳು. ಪರದೆಯ ಮೇಲೆ ಪುಟ್ಟ ಗೆರೆಯೊಂದು ಮಿನುಗುತ್ತಿತ್ತು.

"ಅವ್ವಾ, ಇದು ಯಾವಾಗೋ ಮುಗಿದೈತಲ್ಲ! ಲೆಕ್ಕ ಕೊಡು ಅಂತ ಕಾಯಾಕತ್ತೈತಿ."

"ಗೊತ್ತೈತಿ. ಮುಂಜಾನೇನ ಒಂದು ಲೆಕ್ಕ ಕೊಟ್ಟು ನೋಡೀನಿ. ಛಲೋ ಮಾಡತೈತಿ."

ಗೆರೆಯ ಮೇಲ್ಗಡೆ ಮೂಡಿದ್ದ ಲೆಕ್ಕವನ್ನು ನೀಲಾ ಓದಿದಳು: ಇಪ್ಪತ್ತೆರಡು ವರ್ಷ, ವರ್ಷಕ್ಕೆ ಮುನ್ನೂರ ಅರವತ್ತೈದು, ದಿನಕ್ಕೆ ಹನ್ನೆರಡು. ಉತ್ತರ 96360.

"ಏನಿದು?"

"ಈ ಮನಿಗೆ ಬಂದಾಗಿಂದ ನಾ ಬಡದ ರೊಟ್ಟಿ."

"ನೀಲಾ, ಮುಗೀತೇನವಾ?" ಅಡುಗೆಮನೆಯಿಂದ ಅಪ್ಪ ಕೂಗಿದ.

ನೀಲಾ ಇನ್ನೊಂದು ಕುರ್ಚಿ ಎಳೆದುಕೊಂಡು ಚುರುಮುರಿಗೆ ಕೈಹಾಕಿದಳು.

"ಇನ್ನೂ ಇಲ್ಲಪ್ಪಾ! ನೀ ಭಾಂಡಿ ತಿಕ್ಕೂದ್ರಾಗ ಆಗಬಹುದು!"