ಗೆದ್ದ ಆಟದ ವಿಡಿಯೋ

ವಿಡಿಯೋದಲ್ಲಿ ಗೆಳೆಯ ಗೌಸಮೊದ್ದೀನನ ಬೆರಳು ಕಪ್ಪು ಕುದುರೆಯ ತಲೆಯ ಮೇಲಿತ್ತು. ಮೈಲಾರಿ ಅಲ್ಲಿಗೇ ನಿಲ್ಲಿಸಿದ. ಆ ಕುದುರೆ ಒಂದು ಸಲ ಹಾರಿದ್ದರೆ ತನ್ನ ರಾಜನಿಗೆ ಉಳಿಗಾಲವಿರಲಿಲ್ಲ. ಈಗ ಕಾಣುತ್ತಿದೆ, ಮೊನ್ನೆ ಆಡುವಾಗ ಕಂಡಿರಲಿಲ್ಲ.

ಲಕ್ವಾ ಹೊಡೆದ ಮೇಲೆ ಅವನು ಗೆದ್ದ ಮೊದಲ ಚದುರಂಗದಾಟ ಅದು. “ತಲಿ ಮೊದಲಿನಂಗ ಓಡಾಕತ್ತೈತಿ, ಸೋಮವಾರ ಅಂಗಡಿ ತೆಗೀತೇನಿ” ಎಂದು ಅಮರಗೋಳದ ಮಾರ್ಕೆಟ್ಟಿಗೆಲ್ಲ ಫೋನು ಮಾಡಿ ಹೇಳಿದ್ದ. ಆಟದ ವಿಡಿಯೋ ಮಾಡಿದ್ದ ಹೆಂಡತಿ ಕಾವೇರಿ ಪಕ್ಕದಲ್ಲೇ ನಿಂತು ನಗುತ್ತಿದ್ದಳು.

ಮತ್ತೆ ಒತ್ತಿದ. ಚಿತ್ರದೊಳಗಿನ ಮೈಲಾರಿ ಹಲಗೆಯ ಮೇಲೆ ಬಾಗಿ ಕೂತಿದ್ದ. ಗೌಸಮೊದ್ದೀನ ಮಾತ್ರ ಕುದುರೆಯ ಮೇಲಿನ ಬೆರಳು ತೆಗೆಯದೆ ಸೀದಾ ಫೋನಿನ ಕಡೆಗೆ, ಅಂದರೆ ಅದನ್ನು ಹಿಡಿದವಳ ಮುಖದ ಕಡೆಗೆ ನೋಡಿದ. ಆಗ ಇಡೀ ಚಿತ್ರ ಮೆಲ್ಲಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲ್ಲಾಡಿತು, ಬೇಡವೆಂದು ತಲೆಯಾಡಿಸಿದ ಹಾಗೆ. ಗೌಸಮೊದ್ದೀನನ ಕೈ ಕುದುರೆಯನ್ನು ಬಿಟ್ಟು, ಮೂಲೆಯ ಕಾಲಾಳನ್ನು ಸುಮ್ಮನೆ ಒಂದು ಮನೆ ಮುಂದೆ ತಳ್ಳಿತು.

ಕಾವೇರಿ ಚಹಾ ತಂದಿಟ್ಟಳು. “ಮತ್ತ ಅದನ್ನ ನೋಡಾಕತ್ತೀರೇನು? ಅಳ್ಳಾಡದಂಗ ಹಿಡಿದಿದ್ದೆ. ಛಲೋ ಬಂದೈತಿ ಅಲ್ರಿ?”

“ಛಲೋ ಐತಿ” ಎಂದ ಮೈಲಾರಿ, ಅವಳ ಮುಖ ನೋಡದೆ. “ಒಂದ ಕಡೆ ಅಷ್ಟ ಅಳ್ಳಾಡೈತಿ.”